ಡಿಸ್ಚಾರ್ಜ್ ಆದ ಮೇಲಿನ ಒಂದು ವರ್ಷ

ಅಪಘಾತ, ಬೀಳುವಿಕೆಯಿಂದ ಗಾಯಗೊಂಡವರನ್ನು ನೋಡುವ ಟ್ರಾಮಾ ವಿಭಾಗದಲ್ಲಿ ರೋಗಿ ಡಿಸ್ಚಾರ್ಜ್ ಆದರೆ ಬದುಕಿದರೆಂದೇ ಲೆಕ್ಕ. 65 ದಾಟಿದವರ ವಿಷಯದಲ್ಲಿ ಈ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ನಡೆದುಕೊಂಡೇ ಮನೆಗೆ ಹೋದವರು ಕೆಲವೇ ತಿಂಗಳಲ್ಲಿ ನ್ಯುಮೋನಿಯಾದಿಂದಲೋ ಮತ್ತೆ ಬಿದ್ದೋ ತೀರಿಕೊಂಡದ್ದನ್ನು ಕಂಡಿದ್ದೇನೆ. ಹಾಗಾಗಿ ನನ್ನ ಹಿರಿಯ ರೋಗಿಗಳನ್ನು ವರ್ಷ ತುಂಬುವವರೆಗೂ ಫೋನಿನಲ್ಲಿ ವಿಚಾರಿಸುತ್ತಿರುತ್ತೇನೆ.

ಈ ಕೆಲಸ ಶುರುವಾಗುವುದು ದಾಖಲಾದ ದಿನವೇ. ಗಾಯವನ್ನು ಅಳೆಯಲು 1974ರಿಂದ ಇಂಜುರಿ ಸಿವಿಯರಿಟಿ ಸ್ಕೋರ್ ಇದೆ. 15 ದಾಟಿದರೆ ತೀವ್ರ ಗಾಯ. ಆದರೆ ವರ್ಷದ ಬಳಿಕ ಯಾರು ಉಳಿದಿರುತ್ತಾರೆ ಎಂದು ಅಂದಾಜು ಮಾಡಲು ಅದೊಂದೇ ಸಾಲದು, ಗಾಯಕ್ಕೆ ಮುಂಚೆ ಅವರು ಹೇಗಿದ್ದರು ಎಂಬುದೂ ಗೊತ್ತಿರಬೇಕು. ಮನೆಯವರನ್ನು ಕೂರಿಸಿಕೊಂಡು ಕೇಳುತ್ತೇನೆ: "ಎರಡು ವಾರದ ಹಿಂದೆ ಅಮ್ಮ ಸ್ನಾನ ತಾವೇ ಮಾಡ್ಕೊಳ್ತಿದ್ರಾ? ಹೊರಗೆ ಒಬ್ಬರೇ ಹೋಗ್ತಿದ್ರಾ?" ಉತ್ತರ ನೋಡಿ ದೇಹ ಎಷ್ಟು ಬಳಲಿದೆ ಎಂದು ಅಳೆಯುವ, 1ರಿಂದ 9ರವರೆಗಿನ ಕ್ಲಿನಿಕಲ್ ಫ್ರೇಲ್ಟಿ ಸ್ಕೇಲ್‌ನಲ್ಲಿ ಅಂಕ ಬರೆಯುತ್ತೇನೆ; ಅಂಕ ಏರಿದಷ್ಟೂ ಬಳಲಿಕೆ ಹೆಚ್ಚು. ಎಂಬತ್ತೈದರ ಗಟ್ಟಿಮುಟ್ಟಾದ ಅಜ್ಜಿ ಎಪ್ಪತ್ತರ ಬಳಲಿದವರಿಗಿಂತ ಚೆನ್ನಾಗಿ ಚೇತರಿಸಿಕೊಳ್ಳಬಹುದು.

"ನಿಂತಲ್ಲೇ ಜಾರಿ ಬಿದ್ದರು ಅಷ್ಟೇ" ಎಂಬ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಹೃದಯ ಬಡಿತವನ್ನು ನಿಧಾನಗೊಳಿಸುವ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಒಳಗೆ ರಕ್ತ ಹೋಗುತ್ತಿದ್ದರೂ ನಾಡಿ ಏರದಿರಬಹುದು. ಈ ವಯಸ್ಸಿನಲ್ಲಿ ಮೇಲಿನ ಬಿ.ಪಿ. 110ಕ್ಕಿಂತ ಕೆಳಗಿದ್ದರೂ ನನಗದು ಎಚ್ಚರಿಕೆಯೇ.

ಪಕ್ಕೆಲುಬಿನ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಮುರಿದ ಪ್ರತಿಯೊಂದು ಪಕ್ಕೆಲುಬೂ ಹಿರಿಯರಲ್ಲಿ ಸಾವಿನ ಅಪಾಯವನ್ನು ಏರಿಸುತ್ತದೆ. ನೋವಿಗೆ ಹೆದರಿ ಉಸಿರನ್ನು ಮೇಲುಮೇಲೆ ಎಳೆಯುತ್ತಾರೆ, ಕೆಮ್ಮುವುದಿಲ್ಲ, ಕಫ ಕಟ್ಟುತ್ತದೆ, ನ್ಯುಮೋನಿಯಾ ಬರುತ್ತದೆ. ಅದಕ್ಕೇ ನೋವನ್ನು ನಾನು ಮೊದಲ ದಿನವೇ ಗಟ್ಟಿಯಾಗಿ ಹಿಡಿಯುತ್ತೇನೆ. ಸಾಧ್ಯವಾದರೆ ಆ ಭಾಗವನ್ನಷ್ಟೇ ಮರಗಟ್ಟಿಸುವ ಚುಚ್ಚುಮದ್ದು, ಅಂದರೆ ನರದ ಬ್ಲಾಕ್ ಕೊಡಿಸುತ್ತೇನೆ, ಏಕೆಂದರೆ ಅಮಲು ತರುವ ನೋವಿನ ಔಷಧ ಹೆಚ್ಚಾದರೆ ಡಿಲಿರಿಯಂ, ಅಂದರೆ ಇದ್ದಕ್ಕಿದ್ದಂತೆ ಬುದ್ಧಿ ಗೊಂದಲವಾಗುವ ಸ್ಥಿತಿ ಬರಬಹುದು. ನೋವು ತಗ್ಗಿದ ಕೂಡಲೇ ಕುರ್ಚಿಯಲ್ಲಿ ಕೂರಿಸುವುದು, ದೀರ್ಘವಾಗಿ ಉಸಿರೆಳೆಸುವುದು, ನಡೆಸುವುದು. ಮಲಗಿದಷ್ಟೂ ಸ್ನಾಯು ಕರಗುತ್ತದೆ, ಈ ವಯಸ್ಸಿನಲ್ಲಿ ಕರಗಿದ್ದು ಸುಲಭಕ್ಕೆ ಮರಳುವುದಿಲ್ಲ.

ಮನೆಗೆ ಕಳಿಸುವಾಗ ನನ್ನ ಬರಹ ಉದ್ದವಿರುತ್ತದೆ. ಮಿದುಳಿನ ರಕ್ತಸ್ರಾವಕ್ಕಾಗಿ ನಿಲ್ಲಿಸಿದ ರಕ್ತ ತೆಳುವಾಗಿಸುವ ಮಾತ್ರೆಯ ಬಗ್ಗೆ ಯಾರು, ಯಾವ ದಿನ ತೀರ್ಮಾನಿಸುತ್ತಾರೆ ಎಂದು ಬರೆಯುತ್ತೇನೆ. ಬರೆಯದಿದ್ದರೆ ಅದು ಯಾರ ಹೊಣೆಯೂ ಆಗದೆ ಉಳಿಯುತ್ತದೆ, ಮುಂದೆ ಪಾರ್ಶ್ವವಾಯು ಹೊಡೆಯಬಹುದು. ತೂಕಡಿಕೆ ತಂದು ರೋಗಿಯನ್ನು ಮತ್ತೆ ಬೀಳಿಸಬಹುದಾದ ನಿದ್ದೆ ಮಾತ್ರೆಗಳನ್ನು ಪರಿಶೀಲಿಸುತ್ತೇನೆ. ಸಣ್ಣ ಬೀಳುವಿಕೆಗೇ ಮೂಳೆ ಮುರಿದಿದ್ದರೆ ಮೂಳೆ ಸವೆತದ ಚಿಕಿತ್ಸೆಯನ್ನು ಆಗಲೇ ಯೋಜಿಸುತ್ತೇನೆ.

ಫೋನಿನಲ್ಲಿ "ಹೇಗಿದ್ದೀರಿ" ಎಂದರೆ "ಚೆನ್ನಾಗಿದ್ದೀನಿ" ಎಂದೇ ಬರುತ್ತದೆ. "ಇವತ್ತು ಎಷ್ಟು ಸಲ ಎದ್ದು ಓಡಾಡಿದ್ರಿ? ಬಟ್ಟೆ ಸಡಿಲ ಆಗಿದೆಯಾ? ಮತ್ತೆ ಎಲ್ಲಾದ್ರೂ ಎಡವಿದ್ರಾ?" ಎಂದು ಕೇಳುತ್ತೇನೆ. ಓಡಾಟ ಕಡಿಮೆಯಾಗಿದ್ದರೆ, ತೂಕ ಇಳಿದಿದ್ದರೆ ಮುಂದಿನ ತಾರೀಖಿಗೆ ಕಾಯದೆ ಆ ವಾರವೇ ಕರೆಸಿಕೊಳ್ಳುತ್ತೇನೆ.