ಬಾಟ್ಲಿಯ ಅಡಿಯ ಮಡ್ಡಿ, ಮಳೆಗಾಲದ ಸಾನ್ನಾಂ

ಈ ಸಲ ಮೊಂತಿ ಫೆಸ್ತಿಗೆ, ಅಂದರೆ ಸೆಪ್ಟೆಂಬರ್ 8ರ ಮೇರಿ ಮಾತೆಯ ಹುಟ್ಟುಹಬ್ಬಕ್ಕೆ, ಮಂಗಳೂರಿನ ಕುಲಶೇಖರದ ನಮ್ಮ ಮನೆಯಲ್ಲಿ ಸಾನ್ನಾಂ (ಕಳ್ಳು ಹಾಕಿ ಉಬ್ಬಿಸುವ, ಇಡ್ಲಿಯಂಥ ತಿಂಡಿ) ಹತ್ತಿಯ ಹಾಗೆ ಎದ್ದವು. ಮಾಂಯ್, ನನ್ನ ಅತ್ತೆ, ಒಂದನ್ನು ಮುರಿದು ಮೂಸಿ, "ಈ ಮಳೆಯಲ್ಲಿ ಸುರ್ (ಕಳ್ಳು) ಎಲ್ಲಿ ಸಿಕ್ಕಿತು?" ಎಂದರು. ಸಿಕ್ಕಿರಲಿಲ್ಲ, ಅದರ ಯೀಸ್ಟನ್ನು ಫ್ರಿಜ್ಜಿನಲ್ಲಿ ಸಾಕಿದ್ದೆ. ಎರಡು ವರ್ಷದಿಂದ "ಇವಳಿಗೆ ಮರ್ಲ್ (ಹುಚ್ಚು)" ಎನ್ನುತ್ತಿದ್ದವರೂ ಅವರೇ.

ಅಂಗಡಿ ಯೀಸ್ಟಿನಿಂದಲೂ ಹಿಟ್ಟು ಉಬ್ಬುತ್ತದೆ, ಆದರೆ ಬನ್ನಿನ ವಾಸನೆ. ನನಗೆ ಬೇಕಿದ್ದದ್ದು ಕಳ್ಳಿನ ಯೀಸ್ಟೇ. ಬೆಳಗ್ಗೆ ಇಳಿಸಿದ ತೆಂಗಿನ ಕಳ್ಳು ಅರ್ಧ ಲೀಟರ್ ತಂದು, ಮುಚ್ಚಳ ಸಡಿಲವಾಗಿಟ್ಟು, ಎರಡು ದಿನ ಫ್ರಿಜ್ಜಿನಲ್ಲಿ ಅಲ್ಲಾಡಿಸದೆ ಇಡಬೇಕು. ಅಡಿಯಲ್ಲಿ ಅರ್ಧ ಬೆರಳು ಬಿಳಿ ಮಡ್ಡಿ ಕೂರುತ್ತದೆ. ನಮಗೆ ಬೇಕಾದದ್ದು ಅದು. ಮೇಲಿನದನ್ನು ಇನ್ನೊಂದು ಬಾಟ್ಲಿಗೆ ಬಗ್ಗಿಸಿ ಹೊರಗಿಟ್ಟರೆ ವಿನೆಗರ್ ಆಗುತ್ತದೆ.

ಮುಚ್ಚಳ ಸಡಿಲ ಎಂದು ಸುಮ್ಮನೆ ಹೇಳಲಿಲ್ಲ. ಮೊದಲ ಸಲ ಬಿಗಿ ಮಾಡಿದ್ದೆ. ರಾತ್ರಿ ಎರಡಕ್ಕೆ ಢಬ್ ಎಂದಿತು. ಫ್ರಿಜ್ಜಿನ ಮೀನಿನ ಮೇಲೆಲ್ಲ ಕಳ್ಳು. ಎರಡನೇ ಸಲ, ಮಡ್ಡಿ ಬೆಳೆಸಲೆಂದು ಬೊಂಡದ ನೀರು (ಎಳನೀರು) ಕುದಿಸಿ, ಪೂರ್ತಿ ಆರುವ ಮೊದಲೇ ಮಡ್ಡಿ ಹಾಕಿ ಎಲ್ಲ ಬೇಯಿಸಿಬಿಟ್ಟೆ. ಮೂರನೇ ಸಲ ನೊರೆಯೇ ಬರಲಿಲ್ಲ. ಹೋಗಿ ಕೇಳಿದರೆ ಕಳ್ಳು ಇಳಿಸುವ ಮೂರ್ತೆಯವರು, "ಬಾಯಮ್ಮ, ಅದು ಸುಣ್ಣ ಬಳಿದ ಮಡಿಕೆಯದ್ದು, ಬೆಲ್ಲಕ್ಕೆ ಇಳಿಸಿದ್ದು" ಎಂದರು. ಸುಣ್ಣ ಇದ್ದರೆ ಹುಳಿ ಏಳುವುದಿಲ್ಲವಲ್ಲ, ಕೊಳ್ಳುವಾಗಲೇ ಕೇಳಬೇಕಿತ್ತು. ಲೀಟರಿಗೆ ನೂರರ ಆಚೀಚೆ, ಬೊಂಡ, ಬಿಸಾಡಿದ ಹಿಟ್ಟು ಎಲ್ಲ ಸೇರಿ ಎಂಟುನೂರಾದರೂ ನೀರಿಗೆ ಹೋಯಿತು. ಮನೆಯವರಿಗೆ ಮುನ್ನೂರು ಎಂದಿದ್ದೇನೆ.

ಈಗಿನ ಕ್ರಮ ಇಷ್ಟೇ. ನೀರು ಕುದಿಸಿ ಪೂರ್ತಿ ಆರಿಸಿ, ಅದರಲ್ಲಿ ಮಡ್ಡಿಯನ್ನು ಒಮ್ಮೆ ತೊಳೆಯುವುದು, ಹುಳಿ ಅರ್ಧ ಹೋಗುತ್ತದೆ. ಕುದಿಸಿ ಪೂರ್ತಿ ಆರಿಸಿದ ಒಂದು ಬೊಂಡದ ನೀರು, ಒಂದು ಚಮಚ ಸಕ್ಕರೆ, ಅದರಲ್ಲಿ ಮಡ್ಡಿ. ಬೆಲ್ಲ ಬೇಡ, ಸಾನ್ನಾಂ ಕಂದಾಗುತ್ತದೆ. ನಮ್ಮ ಸೆಕೆಗೆ ಒಂದು ದಿನದಲ್ಲಿ ನೊರೆ. ಮತ್ತೆ ಫ್ರಿಜ್, ಮತ್ತೆ ಮಡ್ಡಿ. ಹದಿನೈದು ದಿನಕ್ಕೊಮ್ಮೆ ಹೀಗೆ ಬೊಂಡದ ನೀರು, ಸಕ್ಕರೆಯ ಊಟ ಹಾಕಬೇಕು. ಕೊನೆಯ ಊಟಕ್ಕೆ ನಾನು ಇನ್ನೊಂದು ಚಿಟಿಕೆ ಹಾಕುತ್ತೇನೆ. ಏನೆಂದು ಮಾಂಯ್‌ಗೂ ಹೇಳಿಲ್ಲ. ಕಿಲೋ ಅಕ್ಕಿಯ ಹಿಟ್ಟಿಗೆ ಒಂದು ಲೋಟ ನೊರೆನೀರು ಸಾಕು. ಉಬ್ಬಲು ಮೂರು ಗಂಟೆ, ಮಳೆ ಜೋರಿದ್ದರೆ ಐದು.

ನಡುವೆ ಬಿಯರಿನ ಯೀಸ್ಟನ್ನೂ ನೋಡಿದೆ. ಇಲ್ಲಿಯ ಕನ್ನಡಿಯಂಥ ಬಿಯರಿನಲ್ಲಿ ಏನೂ ಇರಲಿಲ್ಲ, ಸಾಮಾನ್ಯವಾಗಿ ಸೋಸಿ, ಬಿಸಿಯೂ ಮಾಡಿರುತ್ತಾರೆ. ಮೈದುನ ದುಬೈಯಿಂದ ತಂದ ಜರ್ಮನ್ ಗೋಧಿ ಬಿಯರ್ ಮಾತ್ರ ಮಬ್ಬಾಗಿತ್ತು. ಲೇಬಲ್ಲಿನ 'ಹೆಫೆ' ಎಂದರೆ ಅವರ ಭಾಷೆಯಲ್ಲಿ ಯೀಸ್ಟೇ. ಅವನು ಕುಡಿದು ಬಿಟ್ಟ ಕೊನೆಯ ಎರಡು ಬೆರಳನ್ನು ಬೊಂಡದ ನೀರಿಗೆ ಹಾಕಿದೆ. ಮೂರು ದಿನ ಸತ್ತಂತಿದ್ದು, ನಾಲ್ಕನೇ ದಿನ ಗುಳ್ಳೆ ಬಂತು. ಸಾನ್ನಾಂ ಎದ್ದವು, ಆದರೆ ಕದಳಿ ಬಾಳೆಹಣ್ಣಿನ ಪರಿಮಳ! ಮಕ್ಕಳು ಪುನಃ ಬೇಕೆಂದರು. ಬಾಫಾತಿನ (ನಮ್ಮ ಖಾರದ ಮಾಂಸದ ಸಾರಿನ) ಜತೆ ನನಗಂತೂ ಸೇರಲಿಲ್ಲ.

ಕಳ್ಳಿನದ್ದು ನಾಲ್ಕೈದು ಸಲ ದಾಟಿದರೆ ವಿನೆಗರ್ ವಾಸನೆ ಹಿಡಿಯುತ್ತದೆ. ಆಗ ಎಸೆದು ಹೊಸ ಕಳ್ಳಿನಿಂದ ಶುರು. ಈಗ ಇರುವುದು ಮೂರನೆಯದು. ಪಕ್ಕದ ಮನೆಯವರೂ ಕೇಳಿದ್ದಾರೆ. ಕೊಡುತ್ತೇನೆ, ಬಾಟ್ಲಿ ಅವರೇ ತರಲಿ.