ಪೈಪ್ ನುಂಗದೆ ಜಠರದ ಸ್ಥಿತಿ ತಿಳಿಯುವುದು ಹೇಗೆ?

ಹೊಟ್ಟೆ ಉಬ್ಬರಿಸಿದರೂ ಗ್ಯಾಸ್ಟ್ರಿಕ್, ಎದೆ ಉರಿದರೂ ಗ್ಯಾಸ್ಟ್ರಿಕ್. ಮೆಡಿಕಲ್‌ ಶಾಪ್‌ನಿಂದ ಮಾತ್ರೆ ತಂದು ತಿಂಗಳುಗಟ್ಟಲೆ ಸುಮ್ನೆ ನುಂಗುತ್ತೇವೆ, ಅಲ್ವಾ? ಜಠರದ ಒಳಪದರಕ್ಕೆ ಏನಾಗಿದೆ ಅಂತ ತಿಳಿಯಲು ಸುಲಭದ ಪರೀಕ್ಷೆಗಳಿವೆ.

ಮೊದಲು ಲಕ್ಷಣ ನೋಡಿಕೊಳ್ಳಿ. ಮಲ ಡಾಂಬರಿನಂತೆ ಕಪ್ಪಗಿದೆಯೇ? ರಕ್ತ ವಾಂತಿ, ನುಂಗಲು ಕಷ್ಟ, ಕಾರಣವಿಲ್ಲದೆ ತೂಕ ಇಳಿಕೆ? ಹಾಗಿದ್ದರೆ ಈ ಪರೀಕ್ಷೆಗಳ ದಾರಿ ಕಾಯದೆ ಆಸ್ಪತ್ರೆಗೆ ಹೋಗಿ, ಎಂಡೋಸ್ಕೋಪಿ (ಪೈಪ್ ಇಳಿಸಿ ಒಳಗೆ ನೋಡುವ ಪರೀಕ್ಷೆ) ಬೇಕಾಗುತ್ತದೆ. ಎದೆನೋವಿನ ಜತೆ ಬೆವರು ಬಂದರೆ ಮೊದಲು ಇಸಿಜಿ. ನೋವಿನ ಮಾತ್ರೆ ನುಂಗುವ ಅಭ್ಯಾಸವಿದ್ದರೆ ಡಾಕ್ಟರಿಗೆ ಹೇಳಿ. ಅದೂ ಜಠರವನ್ನು ಕೆಡಿಸುತ್ತದೆ.

ಜಠರದ ಉರಿಯೂತಕ್ಕೆ ದೊಡ್ಡ ಕಾರಣ ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ. ಇದನ್ನು ಕಂಡುಹಿಡಿದ ಬ್ಯಾರಿ ಮಾರ್ಷಲ್, ರಾಬಿನ್ ವಾರನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ಅದನ್ನು ಹಿಡಿಯಲು ಉಸಿರಿನ ಪರೀಕ್ಷೆ ಇದೆ. ಆದರೆ ತುಂಬ ಜನ ಎಡವುವುದು ತಯಾರಿಯಲ್ಲೇ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ತರಹದ ಆಸಿಡ್ ತಗ್ಗಿಸುವ ಮಾತ್ರೆ ಬಿಟ್ಟು 2 ವಾರ, ಆಂಟಿಬಯಾಟಿಕ್ ಮುಗಿದು 4 ವಾರ ಆಗಿರಬೇಕು. ಇಲ್ಲದಿದ್ದರೆ ಬ್ಯಾಕ್ಟೀರಿಯಾ ಇದ್ದರೂ ನೆಗೆಟಿವ್ ಬರಬಹುದು. ಡಾಕ್ಟರನ್ನು ಕೇಳಿಯೇ ಮಾತ್ರೆ ಬಿಡಿ.

ಖಾಲಿ ಹೊಟ್ಟೆಯಲ್ಲಿ ಲ್ಯಾಬ್‌ಗೆ ಹೋಗಿ. ಮೊದಲು ಒಂದು ಚೀಲಕ್ಕೆ ಊದಬೇಕು. ನಂತರ ಕಾರ್ಬನ್-13 ಇರುವ ಯೂರಿಯಾ ಕುಡಿಸುತ್ತಾರೆ. ಸುಮಾರು 30 ನಿಮಿಷದ ಬಳಿಕ ಮತ್ತೆ ಊದಿಸುತ್ತಾರೆ. ಬ್ಯಾಕ್ಟೀರಿಯಾ ಇದ್ದರೆ ಯೂರಿಯಾವನ್ನು ಒಡೆಯುತ್ತದೆ, ಆ ಕಾರ್ಬನ್ ಉಸಿರಿನಲ್ಲಿ ಸಿಗುತ್ತದೆ. ಕೆಲವು ಕಡೆ ಕಾರ್ಬನ್-14 ಬಳಸುತ್ತಾರೆ, ಅದರಲ್ಲಿ ಸ್ವಲ್ಪ ವಿಕಿರಣವಿದೆ. ಗರ್ಭಿಣಿಯರು ಅದನ್ನು ಮಾಡಿಸಬಾರದು. ಉಸಿರಿನ ಪರೀಕ್ಷೆ ಸಿಗದಿದ್ದರೆ ಮಲದಲ್ಲಿ ಆಂಟಿಜೆನ್ (ಬ್ಯಾಕ್ಟೀರಿಯಾದ ಅಂಶ) ನೋಡುವ ಪರೀಕ್ಷೆ ಮಾಡಿಸಬಹುದು. ತಯಾರಿಗೆ ಮಾತ್ರೆಯ ನಿಯಮ ಅದೇ.

ಒಂದು ಮಾತು ನೆನಪಿರಲಿ. ಉಸಿರಿನ ಪರೀಕ್ಷೆ ಬ್ಯಾಕ್ಟೀರಿಯಾ ಇದೆಯೋ ಇಲ್ಲವೋ ಅಷ್ಟೇ ಹೇಳುತ್ತದೆ. ಸಂಖ್ಯೆ ಜಾಸ್ತಿ ಬಂದರೆ ಕಾಯಿಲೆ ಜಾಸ್ತಿ ಅಂತಲ್ಲ. ಒಳಪದರ ಎಷ್ಟು ಸವೆದಿದೆ ಎಂಬ ಸುಳಿವಿಗೆ ರಕ್ತದ ಪೆಪ್ಸಿನೋಜೆನ್ (ಜಠರದ ಒಳಪದರ ತಯಾರಿಸುವ ಒಂದು ಪ್ರೋಟೀನ್) ಪರೀಕ್ಷೆ ಬೇಕು. ಜಪಾನ್‌ನಲ್ಲಿ ಬಳಸುವ ಅಳತೆಯಂತೆ ಪೆಪ್ಸಿನೋಜೆನ್-1 ಪ್ರಮಾಣ ಮಿಲಿಲೀಟರಿಗೆ 70 ನ್ಯಾನೊಗ್ರಾಂ ಅಥವಾ ಕಡಿಮೆ, ಪೆಪ್ಸಿನೋಜೆನ್-2ರ ಜತೆಗಿನ ಅನುಪಾತ 3 ಅಥವಾ ಕಡಿಮೆ ಇದ್ದರೆ ಸವೆತದ ಅನುಮಾನ. ಆಗ ಎಂಡೋಸ್ಕೋಪಿಗೆ ಹೆದರಿ ಹಿಂದೆ ಸರಿಯಬೇಡಿ.

ಬ್ಯಾಕ್ಟೀರಿಯಾಕ್ಕೆ ಚಿಕಿತ್ಸೆ ಮುಗಿದು ಕನಿಷ್ಠ 4 ವಾರ ಆದ ಮೇಲೆ ಮತ್ತೆ ಊದಿ ನೋಡಿ. ಉರಿ ನಿಂತಿದ್ದರೂ ಬ್ಯಾಕ್ಟೀರಿಯಾ ಒಳಗೆ ಉಳಿದಿರಬಹುದು.