ಮಳೆಗಾಲದಲ್ಲೂ ಒಣಗಿರುವ ಕೋಳಿಗೂಡು: ನನ್ನ ಅನುಭವ

ಗೋವಾದ ಸತ್ತರಿಯಲ್ಲಿ ನಮ್ಮದು ಸಣ್ಣ ತೋಟ. ಕೊಂಡಾಗಲೇ ಅಲ್ಲೊಂದು ಹಳೇ ಕೋಳಿಗೂಡು ಇತ್ತು. ಮಳೆ ಶುರುವಾದರೆ ಒಳಗೆಲ್ಲ ಒದ್ದೆ, ಅಮೋನಿಯಾ ವಾಸನೆಗೆ ಕಣ್ಣು ಉರಿಯುತ್ತಿತ್ತು. ಮರಿಗಳಿಗೆ ರಕ್ತಭೇದಿ. ನೆಲಕ್ಕೆ ಹರಡಿದ ಹಾಸು ಒದ್ದೆಯಾದರೆ ಕಾಕ್ಸಿಡಿಯಾ ಎಂಬ ಕರುಳಿನ ಪರಾವಲಂಬಿಯಿಂದ ಬರುವ ರೋಗ ಜಾಸ್ತಿ ಹರಡುತ್ತದೆ ಅಂತ ಪಶುವೈದ್ಯರು ಹೇಳಿದರು.

ಮಾಡು ಸೋರುತ್ತಿರಲಿಲ್ಲ. ಇಲ್ಲಿ ಮುಂಗಾರು ಬೀಸುವುದು ನೈಋತ್ಯದಿಂದ, ಗೂಡಿನ ಜಾಲರಿಯೂ ಅದೇ ದಿಕ್ಕಿಗಿತ್ತು. ಇರಚಲು ನೇರ ಒಳಗೇ! ಆ ಬದಿಗೆ ಚಿರೆಕಲ್ಲಿನ ಮೋಟುಗೋಡೆ ಕಟ್ಟಿ, ಸೂರನ್ನು 3 ಅಡಿ ಮುಂದಕ್ಕೆ ಚಾಚಿದೆವು. ಮೇಲೆ ಗಾಳಿಗೆ ಜಾಗ ಬಿಟ್ಟೆವು. ಪೂರ್ತಿ ಮುಚ್ಚಲೇಬಾರದು, ವಾಸನೆ ಒಳಗೇ ಉಳಿಯುತ್ತದೆ.

ಚಿರೆಕಲ್ಲು ನೀರು ಹೀರುತ್ತದೆ ಅಲ್ವಾ? ಅದಕ್ಕೆ ಹೊರಗೆ ಸಿಮೆಂಟ್ ಗಾರೆ, ಸುತ್ತ ಇಳಿಜಾರಿನ ಚರಂಡಿ. ಒಳಗಿನ ನೆಲವನ್ನು ಒಂದಡಿ ಎತ್ತರಿಸಿದೆವು. ಕಲ್ಲು ಹೊತ್ತದ್ದು ಮಕ್ಕಳು, ಗಾರೆ ಕಲಸಿದ್ದು ನಮ್ಮವರು.

ನೆಲದ ಹಾಸಾಗಿ ಭತ್ತದ ಹೊಟ್ಟು, 4 ಇಂಚು ದಪ್ಪ. ದಿನಾ ಕೆದಕುತ್ತೇವೆ, ಗಟ್ಟಿಯಾದದ್ದನ್ನು ತೆಗೆದು ಗೊಬ್ಬರಗುಂಡಿಗೆ ಹಾಕುತ್ತೇವೆ. ನೀರಿನ ಪಾತ್ರೆ ಕೋಳಿಯ ಬೆನ್ನಿನ ಎತ್ತರಕ್ಕಿರಲಿ, ಚೆಲ್ಲುವುದು ತುಂಬಾ ಕಡಿಮೆಯಾಗುತ್ತದೆ. ಈ ಮಳೆಗಾಲದಲ್ಲಿ ಒಂದು ಮರಿಯೂ ಸತ್ತಿಲ್ಲ. ಮಗಳಿಗಂತೂ ಖುಷಿಯೋ ಖುಷಿ.